ಸಡಿಲ ಹಿಡಿತದ ಬಲ: ಯೀಸ್ಟ್ ಕೋಶ ತನ್ನ ಪೊರೆಯನ್ನು ಒಳಕ್ಕೆಳೆಯುವ ಬಗೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದೆ. ಕೊನೆಗೆ ಸಭೆಯ ಮೂರು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಕಾರಿನ ಟೈರಿಗೆ ಎಷ್ಟು ಗಾಳಿ ಹಾಕಿಸುತ್ತೀರಿ? ಮೂವತ್ತು, ಮೂವತ್ತೆರಡು ಎನ್ನುತ್ತೀರಿ. ಅದು ಪಿಎಸ್‌ಐ ಲೆಕ್ಕ; ಪ್ಯಾಸ್ಕಲ್ ಲೆಕ್ಕದಲ್ಲಿ ಸುಮಾರು 0.2 ಮೆಗಾಪ್ಯಾಸ್ಕಲ್. ಬ್ರೆಡ್ಡು ಉಬ್ಬಿಸುವ ಯೀಸ್ಟ್‌ನ ಒಂದೊಂದು ಕೋಶದೊಳಗೂ ಕಡಿಮೆಯೆಂದರೆ ಇಷ್ಟು ಒತ್ತಡವಿದೆ. ಕೆಲವರ ಅಂದಾಜು ಇದರ ಐದು ಪಟ್ಟಿಗೆ ಹೋಗುತ್ತದೆ. ಕೋಶದ ಅಡ್ಡಳತೆ ಐದು ಮೈಕ್ರಾನಿನ ಆಸುಪಾಸು. ಹೊರಗೆ ಸುಮಾರು 100 ನ್ಯಾನೊಮೀಟರ್ ದಪ್ಪದ ಗಟ್ಟಿ ಗೋಡೆ, ಅದಕ್ಕೆ ಒಳಗಿನಿಂದ ಒತ್ತಿ ಅಂಟಿಕೊಂಡ ತೆಳು ಪೊರೆ. ಟೈರಿನೊಳಗಿನ ಟ್ಯೂಬನ್ನು ನೆನೆಸಿಕೊಳ್ಳಿ.

ಈಗ ಆ ಟ್ಯೂಬಿನ ಒಂದು ಚುಕ್ಕೆಯಷ್ಟು ಜಾಗವನ್ನು ಗಾಳಿ ಬಿಡದೆ ಒಳಮುಖವಾಗಿ ಬೆರಳಿನಂತೆ ಎಳೆದು, ತುದಿಯನ್ನು ಕತ್ತರಿಸಿ, ಪುಟ್ಟ ಚೀಲ ಮಾಡಿ ಒಳಗೆ ತೆಗೆದುಕೊಳ್ಳಬೇಕು. ಟ್ಯೂಬ್ ಮಾತ್ರ ಸೋರಬಾರದು. ಯೀಸ್ಟ್ ಕೋಶ ಈ ಕೆಲಸವನ್ನು ತನ್ನ ಮೈಯ ಹತ್ತಾರು ಕಡೆ ಏಕಕಾಲಕ್ಕೆ ಮಾಡುತ್ತಿರುತ್ತದೆ. ಇದಕ್ಕೆ ಎಂಡೋಸೈಟೋಸಿಸ್ ಎಂದು ಹೆಸರು. ಹೊರಗಿನ ಪೋಷಕಾಂಶ ಬದಲಾದಾಗ ಬೇಡವಾದ ಸಾಗಣೆ ಪ್ರೋಟೀನುಗಳನ್ನು ಪೊರೆಯಿಂದ ಕಿತ್ತು ಒಳಗೆ ಹಾಕಿಕೊಳ್ಳುವುದು, ಸಂಗಾತಿಯ ಹಾರ್ಮೋನ್ ಹಿಡಿದ ಗ್ರಾಹಕವನ್ನು ಒಳಗೆ ಸೆಳೆಯುವುದು, ಎಲ್ಲಕ್ಕೂ ಇದೇ ದಾರಿ.

ಇದಕ್ಕೆ ಕೋಶ ಬಳಸುವ ಪ್ರೋಟೀನುಗಳು ಸುಮಾರು ಅರವತ್ತು ಬಗೆ. ಇವು ಒಂದನ್ನೊಂದು ಹಿಡಿದುಕೊಳ್ಳುವ ಹಿಡಿತಗಳಲ್ಲಿ ಹೆಚ್ಚಿನವು ಬಹಳ ದುರ್ಬಲ. ಆ ದೌರ್ಬಲ್ಯವೇ ಈ ಯಂತ್ರದ ನಿಯಂತ್ರಣದ ಗುಟ್ಟು ಎಂಬುದು ನಮ್ಮ ವಾದ. ಈ ಹೊತ್ತಿನ ಮಾತೆಲ್ಲ ಅದರ ಸುತ್ತ.

ಮೊದಲು ಲೆಕ್ಕ

ಪೊರೆಯನ್ನು ಬಾಗಿಸುವುದೇ ಕಷ್ಟ ಎಂದು ಪಠ್ಯಪುಸ್ತಕ ಓದಿದವರಿಗೆ ಅನ್ನಿಸುತ್ತದೆ. ಯೀಸ್ಟ್‌ನಲ್ಲಿ ಅದು ಪೂರ್ತಿ ನಿಜವಲ್ಲ. ಚಪ್ಪಟೆ ಪೊರೆಯನ್ನು ಬಾಗಿಸಿ ಒಂದು ಗೋಳ ಮಾಡಲು ಬೇಕಾದ ಶಕ್ತಿ, ಪೊರೆಯ ಸಾಮಾನ್ಯ ಬಿಗುವು 20 ಕೆಟಿ ಎಂದು ಹಿಡಿದರೆ, ಸುಮಾರು 500 ಕೆಟಿ. ಕೆಟಿ ಎಂದರೆ ಅಣುಗಳ ಉಷ್ಣ ಕುಲುಕಾಟದ ಶಕ್ತಿಯ ಅಳತೆ. ಕೋಶದ ಇಂಧನವಾದ ಎಟಿಪಿಯ ಒಂದು ಅಣು ಮುರಿದರೆ ಸುಮಾರು 20 ಕೆಟಿ ಸಿಗುತ್ತದೆ. ಈಗ ಒತ್ತಡದ ವಿರುದ್ಧದ ಕೆಲಸ ನೋಡಿ. 30 ನ್ಯಾನೊಮೀಟರ್ ತ್ರಿಜ್ಯದ ಚೀಲದ ಗಾತ್ರವನ್ನು 0.2 ಮೆಗಾಪ್ಯಾಸ್ಕಲ್‌ನಿಂದ ಗುಣಿಸಿದರೆ 5,000 ಕೆಟಿ ಮೀರುತ್ತದೆ. ಬಾಗಿಸುವ ಖರ್ಚಿನ ಹತ್ತು ಪಟ್ಟು, ಅದೂ ಅತಿ ಕಡಿಮೆ ಒತ್ತಡದ ಅಂದಾಜಿನಲ್ಲಿ.

ಬಲದ ಲೆಕ್ಕವೂ ಇದೇ ಕಥೆ ಹೇಳುತ್ತದೆ. ಅದೇ ತ್ರಿಜ್ಯದ ವೃತ್ತದ ಮೇಲೆ ಅದೇ ಒತ್ತಡ ಹಾಕುವ ಬಲ ಸುಮಾರು 560 ಪಿಕೋನ್ಯೂಟನ್. ಒಂದು ಆಕ್ಟಿನ್ ತಂತು ಬೆಳೆಯುತ್ತ ತಳ್ಳಬಲ್ಲದ್ದು ಕೆಲವೇ ಪಿಕೋನ್ಯೂಟನ್. ಆಕ್ಟಿನ್ ಎಂದರೆ ಮಣಿಗಳನ್ನು ಪೋಣಿಸಿದಂತೆ ಬೆಳೆಯುವ ಪ್ರೋಟೀನ್ ಎಳೆ. ಅಂಥ ನೂರಾರು ಎಳೆಗಳು ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಒಂದೇ ದಿಕ್ಕಿಗೆ ದುಡಿಯಬೇಕು. ಹೊತ್ತು ತಪ್ಪಿದರೆ ಬರಿ ದಂಡ.

ಪ್ರಾಣಿಕೋಶಗಳಲ್ಲಿ ಒಳಗೊತ್ತಡ ಕಡಿಮೆ. ಅಲ್ಲಿ ಎಷ್ಟೋ ಸಂದರ್ಭಗಳಲ್ಲಿ ಆಕ್ಟಿನ್ ಇಲ್ಲದೆಯೂ ಈ ಕೆಲಸ ನಡೆಯುತ್ತದೆ. ಯೀಸ್ಟ್‌ನಲ್ಲಿ ಆಕ್ಟಿನ್ ಇಲ್ಲದಿದ್ದರೆ ಪೂರ್ತಿ ಬಂದ್. ಇದು ಒತ್ತಡದಿಂದಲೇ ಎಂಬುದಕ್ಕೆ ಒಂದು ಸರಳ ಪರೀಕ್ಷೆಯಿದೆ: ಹೊರಗಿನ ದ್ರಾವಣಕ್ಕೆ ಸಾರ್ಬಿಟಾಲ್ ಬೆರೆಸಿ ಒಳಹೊರಗಿನ ಒತ್ತಡದ ಅಂತರ ಇಳಿಸಿದರೆ, ಆಕ್ಟಿನ್ ಕೆಟ್ಟ ಕೋಶಗಳಲ್ಲೂ ಒಳಸೆಳೆತ ಸ್ವಲ್ಪಮಟ್ಟಿಗೆ ಮರಳುತ್ತದೆ. ಟೈರಿನ ಗಾಳಿ ಸ್ವಲ್ಪ ಬಿಟ್ಟಂತೆ.

ಜಾಗ ಹಿಡಿಯುವವರು

ಪೊರೆ ಒಳಕ್ಕೆ ಹೋಗುವ ಒಂದು ತಾಣದ ಬದುಕನ್ನು ಹೊತ್ತಿನ ಪ್ರಕಾರ ಹೇಳುತ್ತೇವೆ. ಶುರುವಿನ ಹಂತ ನಿಧಾನ, ಅನಿಶ್ಚಿತ: ಒಂದೆರಡು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು. ಈಡ್-1, ಸಿಪ್-1 ಎಂಬ ಪ್ರೋಟೀನುಗಳು ಪೊರೆಯ ಒಳಮೈಗೆ ಬಂದು ಗುಂಪುಗೂಡುತ್ತವೆ. ಜೊತೆಗೆ ಎಪಿ-2, ಯ್ಯಾಪ್-1801 ಮುಂತಾದ ಹೊಂದಾಣಿಕೆ ಪ್ರೋಟೀನುಗಳು. ಇವುಗಳ ಒಂದು ಕೈ ಪೊರೆಯ ಕೊಬ್ಬನ್ನೋ ಒಳಗೊಯ್ಯಬೇಕಾದ ಸರಕನ್ನೋ ಹಿಡಿದರೆ ಇನ್ನೊಂದು ಕೈ ಬುಟ್ಟಿ ಹೆಣೆಯುವ ಕ್ಲಾಥ್ರಿನ್ ಪ್ರೋಟೀನನ್ನು ಹಿಡಿಯುತ್ತದೆ.

ಈಡ್-1 ಬಗ್ಗೆ ಸ್ವಲ್ಪ ನಿಲ್ಲಬೇಕು. ಇದರ ಉದ್ದದಲ್ಲಿ ಅಂಟುವ ತಾಣಗಳು ಹಲವು, ನಡುನಡುವೆ ನೆಟ್ಟಗೆ ಮಡಚಿಕೊಳ್ಳದ ಸಡಿಲ ಭಾಗಗಳು. ಹೊಲದ ಬದುವಿನಲ್ಲಿ ನಡೆದರೆ ಪಂಚೆಗೆ ಮೆತ್ತಿಕೊಳ್ಳುವ ಉತ್ತರಾಣಿ ಗೊತ್ತಲ್ಲ? ಒಂದು ಬೀಜವನ್ನು ಉಗುರಿನಲ್ಲಿ ಕಿತ್ತೆಸೆಯಬಹುದು. ನೂರು ಬೀಜ ಮೆತ್ತಿದರೆ ಪಂಚೆಯ ಎರಡು ಮಡಿಕೆಗಳೇ ಅಂಟಿಕೊಂಡು ಬಿಡಿಸಲಾಗದು. ಈಡ್-1 ಅಣುಗಳು ಒಂದನ್ನೊಂದು ಹೀಗೆ ಹಿಡಿಯುತ್ತವೆ. ಯ್ಯಾಪ್-1801, ಯ್ಯಾಪ್-1802 ಮತ್ತು ಎಪಿ-2ರ ಒಂದು ಭಾಗ, ಈ ಮೂರನ್ನೂ ಅಳಿಸಿದ ಕೋಶದಲ್ಲಿ ಈಡ್-1 ಪೊರೆಯ ಮೇಲೆ ಚುಕ್ಕೆಗಳಾಗಿ ಹರಡುವ ಬದಲು ದೊಡ್ಡ ಹನಿಗಳಾಗಿ ಕಟ್ಟಿಕೊಳ್ಳುತ್ತದೆ. ಆ ಹನಿ ದ್ರವದಂತೆ ವರ್ತಿಸುತ್ತದೆ: ಒಂದು ಮೂಲೆಯ ಹೊಳಪನ್ನು ಲೇಸರಿನಿಂದ ಆರಿಸಿದರೆ ಮತ್ತೆ ತುಂಬಿಕೊಳ್ಳುತ್ತದೆ, ದುರ್ಬಲ ಹಿಡಿತಗಳನ್ನು ಬಿಡಿಸುವ 1,6-ಹೆಕ್ಸೇನ್‌ಡಯೋಲ್ ಹಾಕಿದರೆ ಕರಗುತ್ತದೆ. ಪೊರೆಯ ಹಿಡಿತ ತಪ್ಪಿದ ಅಂಟು ಅಂಟನ್ನೇ ಹಿಡಿದುಕೊಂಡಿತು, ಅಷ್ಟೇ. ಹಿಡಿತಗಳ ನಡುವಿನ ಸಮತೋಲವೇ ಚುಕ್ಕೆಯೋ ಮುದ್ದೆಯೋ ಎಂಬುದನ್ನು ತೀರ್ಮಾನಿಸುತ್ತದೆ.

ಈ ಆರಂಭಿಕರು ಅನಿವಾರ್ಯವೆ? ಏಳು ಆರಂಭಿಕ ಪ್ರೋಟೀನುಗಳ ಜೀನುಗಳನ್ನು ಒಂದೇ ಕೋಶದಲ್ಲಿ ತೆಗೆದುಹಾಕಿದಾಗಲೂ ಪುಟ್ಟ ಚೀಲಗಳು ಹುಟ್ಟಿದವು. ತಾಣಗಳ ಸಂಖ್ಯೆ ಇಳಿಯಿತು, ಎಲ್ಲಿ ಹುಟ್ಟಬೇಕು ಮತ್ತು ಯಾವ ಸರಕು ತುಂಬಬೇಕು ಎಂಬುದರಲ್ಲಿ ಶಿಸ್ತು ತಪ್ಪಿತು. ಪೊರೆ ಬಾಗುವುದು ಮಾತ್ರ ನಿಲ್ಲಲಿಲ್ಲ. ಆರಂಭಿಕರ ಕೆಲಸ ಬಾಗಿಸುವುದಲ್ಲ, ಎಲ್ಲಿ ಮತ್ತು ಯಾವಾಗ ಎಂದು ಗೊತ್ತುಮಾಡುವುದು.

ಕ್ಲಾಥ್ರಿನ್ ವಿಷಯದಲ್ಲೂ ಇಂಥದೇ ಅಚ್ಚರಿ. ಮೂರು ಕಾಲಿನ ಈ ಅಣು ಒಂದಕ್ಕೊಂದು ಹೆಣೆದುಕೊಂಡು ಬುಟ್ಟಿ ಕಟ್ಟುವ ಚಿತ್ರ ಎಲ್ಲ ಪುಸ್ತಕಗಳಲ್ಲೂ ಇದೆ. ಬುಟ್ಟಿಯೇ ಪೊರೆಯನ್ನು ಗುಂಡಗೆ ಮಾಡುತ್ತದೆ ಎಂದು ನಂಬುವುದು ಸಹಜ. ಆದರೆ ಕ್ಲಾಥ್ರಿನ್ ಇಲ್ಲದ ಯೀಸ್ಟ್ ನಿಧಾನವಾಗಿ ಬೆಳೆದರೂ ಬದುಕುತ್ತದೆ ಎಂಬುದು 1985ರಲ್ಲೇ ಗೊತ್ತಾಗಿತ್ತು. ಆಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕ್ಲಾಥ್ರಿನ್ ಇಲ್ಲದ ಕೋಶಗಳಲ್ಲಿಯೂ ಒಳಚಾಚಿನ ಆಕಾರ ಹೆಚ್ಚುಕಡಿಮೆ ಹಾಗೆಯೇ ಇತ್ತು. ತಾಣಗಳು ಕಡಿಮೆಯಾಗಿದ್ದವು, ಕತ್ತರಿಸುವ ಹಂತದ ನಿಯಮ ಸಡಿಲಗೊಂಡು ಚೀಲಗಳ ಗಾತ್ರ ಏರುಪೇರಾಗಿತ್ತು. ಬುಟ್ಟಿ ಹೆಣೆಯುವ ಪ್ರೋಟೀನಿನ ಯೀಸ್ಟ್ ಪಾತ್ರ, ಬಾಗಿಸುವುದಕ್ಕಿಂತ ಹೆಚ್ಚಾಗಿ ಅಳತೆ ಕಾಯುವುದು.

ಕೊಂಡಿ

ಹಾಗಾದರೆ ಎಳೆಯುವವರು ಯಾರು? ಆಕ್ಟಿನ್ ತಂತುಗಳ ಜಾಲ. ಆದರೆ ಹಗ್ಗ ಎಷ್ಟು ಗಟ್ಟಿಯಾಗಿದ್ದರೇನು, ಕೊಡದ ಕುತ್ತಿಗೆಗೆ ಕಟ್ಟದಿದ್ದರೆ ನೀರು ಬರುತ್ತದೆಯೇ? ಇಲ್ಲಿ ಗಂಟು ಕಟ್ಟುವವರು ಸ್ಲಾ-2 ಮತ್ತು ಎಂಟ್-1.

ಸ್ಲಾ-2 ಉದ್ದನೆಯ ಜೋಡಿ ಪ್ರೋಟೀನ್. ಒಂದು ತುದಿ ಪೊರೆಯಲ್ಲಿರುವ ಪಿಐಪಿ-2 ಎಂಬ ಕೊಬ್ಬಿನ ತಲೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ಆಕ್ಟಿನ್ ಎಳೆಯನ್ನು. ಎಂಟ್-1 ಕೂಡ ಹಾಗೆಯೇ. ಇವೆರಡರ ಪೊರೆ ಹಿಡಿಯುವ ತುದಿಗಳು ಪಿಐಪಿ-2 ಇದ್ದಲ್ಲಿ ಒಂದರ ಪಕ್ಕ ಒಂದು ಜೋಡಿಸಿಕೊಂಡು, ನೆಲಕ್ಕೆ ಹಾಸಿದ ಹೆಂಚಿನಂತೆ ಒಂದು ಜಾಲ ಕಟ್ಟುತ್ತವೆ. ಒಂಟಿಯಾಗಿ ಎರಡೂ ಪೊರೆಯನ್ನು ಹಿಡಿಯಬಲ್ಲವು, ಆದರೆ ಎಳೆತ ಬಿದ್ದಾಗ ಕಿತ್ತುಬರುತ್ತವೆ. ಜೊತೆಗೂಡಿದರೆ ಎಳೆತ ಹಂಚಿಹೋಗುತ್ತದೆ.

ಸ್ಲಾ-2 ತೆಗೆದರೆ ಏನಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ನಮಗೆ ಅತಿ ಮೆಚ್ಚಿನ ಚಿತ್ರ. ಆಕ್ಟಿನ್ ಹುಟ್ಟುತ್ತದೆ, ಬೆಳೆಯುತ್ತದೆ, ಧೂಮಕೇತುವಿನ ಬಾಲದಂತೆ ಕೋಶದೊಳಕ್ಕೆ ಹರಿಯುತ್ತದೆ. ಪೊರೆ ಮಾತ್ರ ಚಪ್ಪಟೆಯಾಗಿ, ನಿರಾಳವಾಗಿ ಕುಳಿತಿರುತ್ತದೆ. ಎಂಜಿನ್ ಓಡುತ್ತಿದೆ, ಕ್ಲಚ್ ಹಿಡಿದಿಲ್ಲ. ಬಲ ಹುಟ್ಟಿಸುವುದು ಒಂದು ಕೆಲಸ, ಬಲ ದಾಟಿಸುವುದು ಬೇರೆಯೇ ಕೆಲಸ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಪ್ರಯೋಗ ಮಾಡುವವರಿಗೆ ಒಂದು ಎಚ್ಚರಿಕೆ: ಎಂಟ್-1 ಮತ್ತು ಅದರ ಅವಳಿ ಎಂಟ್-2 ಎರಡನ್ನೂ ಅಳಿಸಿದರೆ ಕೋಶ ಸಾಯುತ್ತದೆ. ಆದರೆ ಅದು ಎಂಡೋಸೈಟೋಸಿಸ್ ನಿಂತದ್ದರಿಂದಲೇ ಎಂದು ತೀರ್ಮಾನಿಸಬೇಡಿ. ಪೊರೆ ಹಿಡಿಯುವ ತುದಿಯೊಂದನ್ನೇ ಮರಳಿ ಕೊಟ್ಟರೂ ಕೋಶ ಬದುಕುತ್ತದೆ. ಆ ತುದಿಗೆ ಬೇರೆ ಕೆಲಸವೂ ಇದೆ. ಮುಂದೆ ಬರುವ ಪ್ಯಾನ್-1 ಕೂಡ ಅಳಿಸಲಾಗದ ಪ್ರೋಟೀನ್. ಇಂಥವನ್ನು ಅಧ್ಯಯನ ಮಾಡಲು ಆಕ್ಸಿನ್ ಎಂಬ ಸಸ್ಯ ಹಾರ್ಮೋನ್ ಹಾಕಿದಾಗ ಮಾತ್ರ ಪ್ರೋಟೀನ್ ನಾಶವಾಗುವಂತೆ ಬಾಲ ಅಂಟಿಸುವ ವಿಧಾನ ಬಳಸುತ್ತಾರೆ.

ಹೆಸರುಗಳ ಬಗ್ಗೆ ಒಂದು ಮಾತು. ಇವು ಗೊಂದಲ ಹುಟ್ಟಿಸುವಂತಿವೆ, ತಪ್ಪು ನಿಮ್ಮದಲ್ಲ. ಮುಂದೆ ಬರುವ ಹೆಸರುಗಳನ್ನೇ ನೋಡಿ: ಆರ್‌ವಿಎಸ್ ಎಂದರೆ ಹಸಿವಿನಲ್ಲಿ ಬದುಕುಳಿಯುವ ಶಕ್ತಿ ಕುಗ್ಗಿದ್ದು. ಲಾಸ್ ಎಂದರೆ ಸ್ಥಳೀಯ ಅರಿವಳಿಕೆ ಔಷಧಿಗೆ ಸೂಕ್ಷ್ಮವಾದದ್ದು. ಪ್ಯಾನ್-1ಗೆ ಆರ್‌ಎನ್‌ಎಯ ಬಾಲ ಕತ್ತರಿಸುವ ಕಿಣ್ವದ ಭಾಗವೆಂದು ತಪ್ಪು ತಿಳಿದು ಇಟ್ಟ ಹೆಸರು ಹಾಗೆಯೇ ಉಳಿದಿದೆ. ಜೀನನ್ನು ಮೊದಲು ಕಂಡವರು ಏನು ಹುಡುಕುತ್ತಿದ್ದರೋ ಅದೇ ಹೆಸರು.

ತಡೆ, ತುಂಬು, ಹೊಸಿಲು

ಈಗ ಮುಖ್ಯ ಭಾಗ. ಆಕ್ಟಿನ್ ಬೆಳೆಯಲು ಆರ್ಪ್ 2/3 ಎಂಬ ಏಳು ಘಟಕಗಳ ಯಂತ್ರ ಬೇಕು. ಅದು ಹಳೆಯ ಎಳೆಯ ಮಗ್ಗುಲಿನಿಂದ ಹೊಸ ಕೊಂಬೆ ಚಿಗುರಿಸುತ್ತದೆ. ಅದನ್ನು ಚಾಲೂ ಮಾಡುವುದು ಲಾಸ್-17. ವಿಚಿತ್ರವೆಂದರೆ ಲಾಸ್-17 ತಾಣಕ್ಕೆ ಬರುವುದು ಆಕ್ಟಿನ್ ಕಾಣಿಸಿಕೊಳ್ಳುವುದಕ್ಕೆ ಸುಮಾರು 20 ಸೆಕೆಂಡ್ ಮೊದಲು. ಇಡೀ ಆಕ್ಟಿನ್ ಹಂತವೇ 15 ಸೆಕೆಂಡಿನದು. ಕಿಡಿ ಕೈಯಲ್ಲಿ ಹಿಡಿದುಕೊಂಡು 20 ಸೆಕೆಂಡ್ ಸುಮ್ಮನೆ ನಿಂತಿರುವುದೇಕೆ?

ಒಂದು ಕಾರಣ ತಡೆ. ಸ್ಲಾ-1 ಎಂಬ ಪ್ರೋಟೀನಿನಲ್ಲಿ ಎಸ್‌ಎಚ್-3 ಎಂಬ ಮಡಿಕೆಗಳು ಮೂರಿವೆ. ಎಸ್‌ಎಚ್-3 ಎಂದರೆ ಪ್ರೋಲಿನ್ ಹೆಚ್ಚಿರುವ ಎಳೆಯನ್ನು ಹಿಡಿಯುವ ಪುಟ್ಟ ಕೈ. ಲಾಸ್-17ರ ನಡುಭಾಗ ಪ್ರೋಲಿನ್‌ಮಯ. ಸ್ಲಾ-1ರ ಮೊದಲ ಎರಡು ಕೈಗಳು ಅಲ್ಲಿ ಹಿಡಿದು ಲಾಸ್-17ರ ಕೆಲಸವನ್ನು ತಡೆಹಿಡಿಯುತ್ತವೆ. ಅಂದರೆ ಲಾಸ್-17ನ್ನು ತಾಣಕ್ಕೆ ಕರೆತರುವ ಜೊತೆಗಾರನೇ ಅದರ ಬಾಯಿಗೆ ಕೈ ಅಡ್ಡ ಹಿಡಿದಿರುತ್ತಾನೆ. ಬಿಬಿಸಿ-1 ಎಂಬ ಇನ್ನೊಂದು ಪ್ರೋಟೀನ್ ಆಮೇಲೆ ಬಂದು ಇಂಥದೇ ತಡೆ ಹಾಕುತ್ತದೆ. ಬಿಬಿಸಿ-1 ತೆಗೆದರೆ ಆಕ್ಟಿನ್ ಜಾಲ ಅಗತ್ಯಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ. ಬಿಝ್-1 ಎಂಬುದು ಸ್ಲಾ-1ರ ತಡೆಯನ್ನು ಸಡಿಲಿಸಬಲ್ಲದು.

ಇನ್ನೊಂದು ಕಾರಣ ಹೊಸಿಲು. ತಾಣದಲ್ಲಿ ಲಾಸ್-17 ಮತ್ತು ಅದರ ಜೊತೆಗಾರ ವಿಆರ್‌ಪಿ-1 ಹನಿಹನಿಯಾಗಿ ಕೂಡುತ್ತ ಹೋಗುತ್ತವೆ. ಒಂದು ಪ್ರಮಾಣ ಮುಟ್ಟುವವರೆಗೆ ಏನೂ ಇಲ್ಲ. ಮುಟ್ಟಿದ ಮರುಗಳಿಗೆ ಆಕ್ಟಿನ್ ಭುಗಿಲೆನ್ನುತ್ತದೆ. ಜೀನುಗಳನ್ನು ತಿದ್ದಿ ಲಾಸ್-17 ಕೂಡುವ ವೇಗ ಕುಗ್ಗಿಸಿದರೆ ಕಾಯುವ ಹೊತ್ತು ಬೆಳೆಯುತ್ತದೆ, ಆದರೆ ಸಿಡಿಯುವ ಹೊತ್ತಿನ ಪ್ರಮಾಣ ಹೆಚ್ಚು ಬದಲಾಗದು. ಗಡಿಯಾರ ನೋಡಿ ಕೆಲಸ ಶುರುಮಾಡುವ ಯಂತ್ರ ಇದಲ್ಲ. ಕೊಡ ತುಂಬಿದಾಗ ಚೆಲ್ಲುವ ಯಂತ್ರ.

ಇಲ್ಲಿ ದುರ್ಬಲ ಹಿಡಿತದ ಮಹಿಮೆ. ಒಂದು ಎಸ್‌ಎಚ್-3 ಕೈ ಪ್ರೋಲಿನ್ ಎಳೆಯನ್ನು ಹಿಡಿಯುವ ಬಲ ಸಾಮಾನ್ಯವಾಗಿ ಮೈಕ್ರೋಮೋಲಾರ್ ಮಟ್ಟದ್ದು. ಹಿಡಿದ ಸ್ವಲ್ಪ ಹೊತ್ತಿಗೇ ಬಿಡುತ್ತದೆ. ಒಂಟಿ ಅಣುಗಳು ಕೋಶದ್ರವ್ಯದಲ್ಲಿ ಭೇಟಿಯಾದರೆ ಏನೂ ಆಗದು, ಆಗಲೂಬಾರದು. ಪ್ಯಾನ್-1, ಎಂಡ್-3, ಸ್ಲಾ-1 ಕೂಡಿದ ಜಾಲ ಪೊರೆಯ ಒಂದು ಚುಕ್ಕೆಯಲ್ಲಿ ಹತ್ತಾರು ಕೈಗಳನ್ನು ಒಟ್ಟಿಗೆ ಚಾಚಿದಾಗ ಮಾತ್ರ, ಒಂದು ಕೈ ಬಿಟ್ಟರೂ ಪಕ್ಕದ ಕೈ ಹಿಡಿದು, ಲಾಸ್-17 ಅಲ್ಲೇ ನೆಲೆನಿಲ್ಲುತ್ತದೆ. ಹಿಡಿತ ಗಟ್ಟಿಯಾಗಿದ್ದರೆ ಕೋಶದ ತುಂಬ ಎಲ್ಲೆಂದರಲ್ಲಿ ಆಕ್ಟಿನ್ ಸಿಡಿಯುತ್ತಿತ್ತು. ಲಾಸ್-17ನ್ನು ಜಾಗದಲ್ಲಿ ನಿಲ್ಲಿಸುವುದು ಈ ಜಾಲವೇ ಎಂಬುದು ಬರಿ ಊಹೆಯಲ್ಲ. ಪ್ಯಾನ್-1 ಮತ್ತು ಎಂಡ್-3 ಎರಡನ್ನೂ ಆಕ್ಸಿನ್ ವಿಧಾನದಿಂದ ತೆಗೆದಾಗ ಆಕ್ಟಿನ್ ತಾಣದಿಂದ ಕಳಚಿಕೊಂಡು ಕೋಶದ್ರವ್ಯದಲ್ಲಿ ಅಲ್ಲಲ್ಲಿ ಹೊತ್ತಿಕೊಳ್ಳುತ್ತದೆ.

ಕೈಗಳ ಸಂಖ್ಯೆಯಷ್ಟೇ ಅಲ್ಲ, ಅವು ಮೈಮೇಲೆ ಎಲ್ಲಿವೆ ಎಂಬುದೂ ಮುಖ್ಯ. ಸ್ಲಾ-1ರ ಮೂರು ಎಸ್‌ಎಚ್-3ಗಳನ್ನು ಅದೇ ಪ್ರೋಟೀನಿನೊಳಗೆ ಅದಲುಬದಲು ಮಾಡಿ ನೋಡಿದ್ದಾರೆ. ಕೈಗಳು ಅವೇ, ಸಂಖ್ಯೆ ಅಷ್ಟೇ. ಆದರೂ ಯಾರನ್ನು ಹಿಡಿಯುತ್ತದೆ ಎಂಬುದು ಬದಲಾಯಿತು. ಪ್ರೋಟೀನಿನ ತುಂಡನ್ನು ಬೇರೆ ಮಾಡಿ ಕೊಳವೆಯಲ್ಲಿ ಹಿಡಿತ ಅಳೆದು, ಅದೇ ಕೋಶದಲ್ಲೂ ನಡೆಯುತ್ತದೆ ಎಂದು ಬರೆಯುವವರು ಇದನ್ನು ನೆನಪಿಡಬೇಕು.

ಜಾಗದ ವಿನ್ಯಾಸವೂ ಇದೆ. 23 ಪ್ರೋಟೀನುಗಳನ್ನು, ಒಂದು ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿ, ಅತಿಸೂಕ್ಷ್ಮ ಬೆಳಕಿನ ವಿಧಾನದಿಂದ ಚಿತ್ರಿಸಿದ ಒಂದು ಅಧ್ಯಯನ 2018ರಲ್ಲಿ ಬಂತು. ಲಾಸ್-17 ನಡುವೆ ಗುಡ್ಡೆಯಾಗಿ ಅಲ್ಲ, ಉಂಗುರವಾಗಿ ಕೂತಿತ್ತು. ಆಕ್ಟಿನ್ ಉಂಗುರದ ಬಳಿ ಹುಟ್ಟುತ್ತದೆ, ಸ್ಲಾ-2 ಮತ್ತು ಎಂಟ್-1 ನಡುವಿನ ತುದಿಯನ್ನು ಅದಕ್ಕೆ ಕಟ್ಟಿರುತ್ತವೆ. ಉಂಗುರದಲ್ಲಿ ಹೊಸ ಮಣಿಗಳು ಸೇರಿದಂತೆ ಹಳೆಯ ಜಾಲ ಒಳಕ್ಕೆ ಸರಿಯುತ್ತದೆ, ಜೊತೆಗೆ ತುದಿಯನ್ನೂ ಎಳೆದೊಯ್ಯುತ್ತದೆ. ಮಯೋ-3, ಮಯೋ-5 ಎಂಬ ಮೋಟಾರ್ ಪ್ರೋಟೀನುಗಳು ಬುಡದಲ್ಲಿ ಕೂತು ಈ ಬಲಕ್ಕೆ ತಮ್ಮದನ್ನೂ ಸೇರಿಸುತ್ತವೆ. ಅವುಗಳ ಮೋಟಾರ್ ಕೆಲಸ ನಿಲ್ಲಿಸಿದರೆ ಆಕ್ಟಿನ್ ಇದ್ದರೂ ಒಳಸೆಳೆತ ಸೊರಗುತ್ತದೆ.

ಕತ್ತರಿ ಮತ್ತು ಬಿಡುಗಡೆ

ಬೆಳಕು ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳನ್ನು ಒಂದೇ ಕೋಶದ ಮೇಲೆ ಹೊಂದಿಸಿ ಮಾಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅಲ್ಲಿ ಸ್ಪಷ್ಟವಾದದ್ದು: ಆಕ್ಟಿನ್ ಬರುವವರೆಗೆ ಪೊರೆ ಚಪ್ಪಟೆ. ಒಳಚಾಚು ಸುಮಾರು 60 ನ್ಯಾನೊಮೀಟರ್ ಆದಾಗ ಆರ್‌ವಿಎಸ್-161, ಆರ್‌ವಿಎಸ್-167 ಜೋಡಿ ಬರುತ್ತದೆ. ಸುಮಾರು 140 ನ್ಯಾನೊಮೀಟರಿಗೆ ಚೀಲ ಕಡಿದು ಬೀಳುತ್ತದೆ.

ಈ ಜೋಡಿ ಕುಡುಗೋಲಿನಂತೆ ಬಾಗಿದ ಬಾರ್ ಎಂಬ ಮಡಿಕೆಯುಳ್ಳದ್ದು. ಬಾಗಿದ ಪೊರೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಕೊಳವೆಯಾಕಾರ ಹುಟ್ಟುವ ಮುನ್ನ ಅದಕ್ಕೆ ಕೂರಲು ಜಾಗವೇ ಇಲ್ಲ. ಹೀಗೆ ಪೊರೆಯ ಆಕಾರವೇ ಮುಂದಿನ ಪ್ರೋಟೀನಿಗೆ ಕರೆಯೋಲೆ. ಆರ್‌ವಿಎಸ್-167ರ ಬಾಲದಲ್ಲೂ ಒಂದು ಎಸ್‌ಎಚ್-3 ಇದೆ, ಅದು ಆಕ್ಟಿನ್ ಕಡೆಯವರನ್ನು ಹಿಡಿಯುತ್ತದೆ; ಎರಡು ಸಹಿ ಬಿದ್ದರೆ ಮಾತ್ರ ಚೆಕ್ಕು ಪಾಸಾಗುವ ಹಾಗೆ.

ಆರ್‌ವಿಎಸ್-167 ಇಲ್ಲದ ಕೋಶದಲ್ಲಿ ಸುಮಾರು ಕಾಲು ಭಾಗ ತಾಣಗಳು ಒಳಗೆ ಹೊರಟು ಅರ್ಧ ದಾರಿಯಿಂದ ವಾಪಸ್ ಬರುತ್ತವೆ. ಒತ್ತಡ ಗೆದ್ದಿತು ಎಂದರ್ಥ. ಉಳಿದವು ಹೇಗೋ ಕಡಿದುಕೊಳ್ಳುತ್ತವೆ. ಪ್ರಾಣಿಕೋಶಗಳಲ್ಲಿ ಕತ್ತರಿ ಡೈನಮಿನ್. ಯೀಸ್ಟ್‌ನಲ್ಲಿ ಅದರ ಬಂಧು ವಿಪಿಎಸ್-1 ಇಲ್ಲಿ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದರ ಮೇಲೆ ಪ್ರಯೋಗಾಲಯಗಳ ನಡುವೆ ವಾದವಿದೆ. ಆರ್‌ವಿಎಸ್ ಬಂಧುವಾದ ಬಿನ್-1 ನಮ್ಮ ಸ್ನಾಯುಗಳಲ್ಲಿದೆ. ಅದು ಕೆಟ್ಟರೆ ಒಂದು ಬಗೆಯ ಹುಟ್ಟು ಸ್ನಾಯುರೋಗ ಬರುತ್ತದೆ.

ಚೀಲ ಕಡಿದ ಮೇಲೆ ಅದರ ಮೇಲಿನ ಪ್ರೋಟೀನುಗಳ ಹೊದಿಕೆ ಕಳಚಬೇಕು. ಇಲ್ಲಿ ಸೊಗಸಾದ ಒಂದು ಮರುಸುತ್ತು ಇದೆ. ಆಕ್ಟಿನ್ ಜಾಲ ಬೆಳೆದಂತೆ ಅದಕ್ಕೆ ಎಬಿಪಿ-1 ಅಂಟುತ್ತದೆ. ಎಬಿಪಿ-1ರ ಎಸ್‌ಎಚ್-3 ಕೈ, ಆರ್ಕ್-1 ಮತ್ತು ಪಿಆರ್‌ಕೆ-1 ಎಂಬ ಕಿಣ್ವಗಳನ್ನು ಕರೆತರುತ್ತದೆ. ಅವು ಪ್ಯಾನ್-1, ಸ್ಲಾ-1, ಎಂಟ್-1ಗಳಿಗೆ ಫಾಸ್ಫೇಟ್ ಹಚ್ಚುತ್ತವೆ. ಫಾಸ್ಫೇಟ್ ಬಿದ್ದ ಕೈಗಳ ಹಿಡಿತ ಬಿಡುತ್ತದೆ. ಆಕ್ಟಿನ್ ಬೆಳೆದಷ್ಟೂ ಆಕ್ಟಿನ್ ಹುಟ್ಟಿಸಿದ ಯಂತ್ರವನ್ನೇ ಬಿಚ್ಚುವವರು ಹೆಚ್ಚಾಗುತ್ತಾರೆ. ಜೊತೆಗೆ ಎಸ್‌ಜೆಎಲ್-2 ಎಂಬ ಕಿಣ್ವ ಪಿಐಪಿ-2ರ ತಲೆಯಿಂದ ಫಾಸ್ಫೇಟ್ ಕಿತ್ತು, ಹೊದಿಕೆಯ ಕಾಲಡಿಯ ನೆಲವನ್ನೇ ತೆಗೆಯುತ್ತದೆ. ಆರ್ಕ್-1, ಪಿಆರ್‌ಕೆ-1 ಎರಡೂ ಇಲ್ಲದಿದ್ದರೆ ಚೀಲಗಳು ಹೊದಿಕೆ ಮತ್ತು ಆಕ್ಟಿನ್ ಸಮೇತ ಕೋಶದ ನಡುವೆ ದೊಡ್ಡ ಮುದ್ದೆಯಾಗಿ ಸಿಕ್ಕಿಕೊಳ್ಳುತ್ತವೆ. ಹಿಡಿತ ಗಟ್ಟಿಯಾಗಿದ್ದಿದ್ದರೆ ಒಂದೆರಡು ಫಾಸ್ಫೇಟಿಗೆ ಬಗ್ಗುತ್ತಿರಲಿಲ್ಲ. ಹತ್ತೇ ಸೆಕೆಂಡಿನಲ್ಲಿ ಬಿಚ್ಚಿಹೋಗುವ ಮಾತೇ ಇರುತ್ತಿರಲಿಲ್ಲ.

ಇದನ್ನು ನೋಡುವುದು ಹೇಗೆ, ಎಲ್ಲಿ ಎಡವುತ್ತಾರೆ

ರೂಢಿಯ ಪ್ರಯೋಗ ಹೀಗಿದೆ. ಸ್ಲಾ-1 ಜೀನಿನ ತುದಿಗೆ, ಅದರ ಸ್ವಂತ ಜಾಗದಲ್ಲೇ, ಹಸಿರಾಗಿ ಹೊಳೆಯುವ ಜಿಎಫ್‌ಪಿ ಎಂಬ ಪ್ರೋಟೀನಿನ ಜೀನ್ ಜೋಡಿಸುತ್ತಾರೆ. ಎಬಿಪಿ-1ಗೆ ಕೆಂಪು ಬಣ್ಣ. ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಬಳೆಯಿಂದ ಹೆಚ್ಚುವರಿ ಪ್ರತಿ ಕೊಟ್ಟರೆ ಪ್ರಮಾಣ ಕೆಡುತ್ತದೆ, ಹೊಸಿಲಿನ ಲೆಕ್ಕವೆಲ್ಲ ಹಾಳು. ರಾತ್ರಿ ಬೆಳೆಸಿದ ಕೋಶಗಳನ್ನು ಬೆಳಿಗ್ಗೆ ಓಡಿ (ಸಾಕಣೆ ಎಷ್ಟು ಮಬ್ಬಾಗಿದೆ ಎಂಬ ಅಳತೆ) 0.1ಕ್ಕೆ ತೆಳು ಮಾಡಿ, 0.3ರಿಂದ 0.6ರ ನಡುವೆ ಚಿತ್ರ ತೆಗೆಯಬೇಕು. ಟ್ರಿಪ್ಟೊಫಾನ್ ಇಲ್ಲದ ಕೃತಕ ಮಾಧ್ಯಮ ಒಳ್ಳೆಯದು, ಹಿನ್ನೆಲೆ ಹೊಳಪು ಕಡಿಮೆ. ಗಾಜಿಗೆ ಕಾನ್‌ಕನವಾಲಿನ್-ಎ ಸವರಿ ಒಣಗಿಸಿ, ಅದರ ಮೇಲೆ ಕೆಲವು ಮೈಕ್ರೋಲೀಟರ್ ಕೋಶ ಹಾಕಿ, ಅಂಟದವನ್ನು ತೊಳೆದು, 25 ಡಿಗ್ರಿಯಲ್ಲಿ ನೋಡಿ. ಕೋಶದ ನಡುಮಟ್ಟಕ್ಕೆ ಫೋಕಸ್ ಇಟ್ಟರೆ ಅಂಚಿನಲ್ಲಿ ಚುಕ್ಕೆಗಳು ಮಣಿಸರದಂತೆ ಕಾಣುತ್ತವೆ. ಸೆಕೆಂಡಿಗೊಂದು ಚಿತ್ರದಂತೆ ಎರಡರಿಂದ ನಾಲ್ಕು ನಿಮಿಷ ಸಾಕು. ಆರ್‌ವಿಎಸ್‌ಗೆ ಮಾತ್ರ ಇದು ನಿಧಾನವಾಯಿತು. ಅದರ ಬದುಕೇ ಹತ್ತು ಸೆಕೆಂಡಿನದು, ಸೆಕೆಂಡಿಗೆ ನಾಲ್ಕೈದು ಚಿತ್ರ ಬೇಕು.

ಒಂದು ಚುಕ್ಕೆಯ ಮೇಲೆ ಪೊರೆಗೆ ಅಡ್ಡಲಾಗಿ ಗೆರೆ ಎಳೆದು, ಹೊತ್ತಿನ ಪ್ರಕಾರ ಪಕ್ಕಪಕ್ಕ ಜೋಡಿಸಿದರೆ ಕೈಮೋಗ್ರಾಫ್ ಸಿಗುತ್ತದೆ. ಸರಿಯಾದ ಕೋಶದಲ್ಲಿ ಸ್ಲಾ-1 ಸುಮಾರು 30 ಸೆಕೆಂಡ್ ಇರುತ್ತದೆ: ಮೊದಲು ನೆಟ್ಟನೆ ಗೆರೆ, ಕೊನೆಗೆ ಕೊಕ್ಕೆಯಂತೆ ಒಳಬಾಗು. ಎಬಿಪಿ-1 ಆ ಬಾಗಿನ ಹೊತ್ತಿಗೆ ಹೊತ್ತಿಕೊಂಡು ಸುಮಾರು 15 ಸೆಕೆಂಡಿಗೆ ಆರುತ್ತದೆ. ಕೊಕ್ಕೆ ಇಲ್ಲದ ಉದ್ದ ಗೆರೆ ಕಂಡರೆ ಕೊಂಡಿ ತಪ್ಪಿದೆ. ಒಳಗೆ ಹೋಗಿ ಹೊರಬಂದ ಗೆರೆ ಕಂಡರೆ ಕತ್ತರಿ ತಪ್ಪಿದೆ.

ಎಡವುವ ಜಾಗಗಳು ಹಲವು. ಓಡಿ 1 ದಾಟಿದ ಸಾಕಣೆಯಲ್ಲಿ ಗ್ಲೂಕೋಸ್ ಇಳಿಯತೊಡಗಿ ಆಕ್ಟಿನ್ ಚದುರುತ್ತದೆ; ಜೀನ್ ಬದಲಾದ ತಳಿಯ ಗುಣವೆಂದು ಬರೆದದ್ದು ನಿಜವಾಗಿ ಹಸಿವು ಆಗಿರುತ್ತದೆ. ಅಡಿನೈನ್ ತಯಾರಿಸಲು ಬೇಕಾದ ಎಡಿಇ-2 ಜೀನ್ ಕೆಟ್ಟ ತಳಿಗಳಲ್ಲಿ ಅಡಿನೈನ್ ಸಾಲದೆ ಹೋದರೆ ಕೆಂಪು ವರ್ಣದ್ರವ್ಯ ಕೂಡಿ ಕೆಂಪು ಬಣ್ಣದ ಚಿತ್ರವೆಲ್ಲ ಮಸುಕು. ಗಾಜನ್ನು ಪೂರ್ತಿ ಮುಚ್ಚಿ ಅರ್ಧ ಗಂಟೆ ಬಿಟ್ಟರೆ ಕೋಶಗಳು ಉಸಿರುಗಟ್ಟಿ ನಿಧಾನವಾಗುತ್ತವೆ. ಆಕ್ಟಿನ್‌ಗೇ ನೇರವಾಗಿ ಜಿಎಫ್‌ಪಿ ಅಂಟಿಸಿ ಅದನ್ನೊಂದನ್ನೇ ಬಿಟ್ಟರೆ ಯೀಸ್ಟ್ ಬದುಕದು. ಅದಕ್ಕೇ ಎಬಿಪಿ-1ನ್ನು ಪ್ರತಿನಿಧಿಯಾಗಿ ಬಳಸುವುದು. ಕ್ಲಾಥ್ರಿನ್‌ಗೆ ಬಣ್ಣ ಹಾಕಿದರೆ ಕೋಶದೊಳಗಿನ ಗಾಲ್ಜಿ ಎಂಬ ಅಂಗಕದ ಕ್ಲಾಥ್ರಿನ್ ಹೊಳೆದು ಪೊರೆಯ ಚುಕ್ಕೆಗಳನ್ನು ನುಂಗಿಹಾಕುತ್ತದೆ. ಇನ್ನೊಂದು, ಬಹಳ ಮಂದಿ ಮರೆಯುವಂಥದ್ದು: ತಾಯಿಕೋಶದ ತಾಣಗಳು ಅದರಿಂದ ಚಿಗುರುವ ಮೊಗ್ಗಿನ (ಮರಿಕೋಶದ) ತಾಣಗಳಿಗಿಂತ ನಿಧಾನವಾಗಿ ಪಕ್ವವಾಗುತ್ತವೆ. ಎರಡನ್ನೂ ಬೆರೆಸಿ ಸರಾಸರಿ ತೆಗೆದರೆ ಸಿಗುವುದು ಯಾವುದರದ್ದೂ ಅಲ್ಲದ ಸಂಖ್ಯೆ. ಒಂದು ತಳಿಗೆ ಕಡಿಮೆಯೆಂದರೆ 50 ಚುಕ್ಕೆ, ಹಲವು ಕೋಶಗಳಿಂದ, ಬೇರೆಬೇರೆ ದಿನ.

ಸಭೆಯ ಪ್ರಶ್ನೆಗಳಿಂದ

*ಆಕ್ಟಿನ್ ಬೇಕೇಬೇಕು ಎಂದು ತೋರಿಸುವುದು ಹೇಗೆ?*

ಲ್ಯಾಟ್ರನ್‌ಕುಲಿನ್-ಎ ಎಂಬ ಔಷಧಿ ಬಿಡಿ ಆಕ್ಟಿನ್ ಮಣಿಗಳನ್ನು ಹಿಡಿದಿಟ್ಟು ಎಳೆ ಬೆಳೆಯದಂತೆ ಮಾಡುತ್ತದೆ. ಯೀಸ್ಟ್‌ಗೆ 200 ಮೈಕ್ರೋಮೋಲಾರ್ ಹಾಕುವುದು ರೂಢಿ. ಕೆಲವೇ ನಿಮಿಷದಲ್ಲಿ ಎಬಿಪಿ-1 ಚುಕ್ಕೆಗಳು ಮಾಯ. ಸ್ಲಾ-1 ಚುಕ್ಕೆಗಳು ಪೊರೆಯ ಮೇಲೆ ಬಂದು ಅಲ್ಲೇ ನಿಲ್ಲುತ್ತವೆ, ಒಳಗೂ ಹೋಗವು, ಆರುವುದೂ ಇಲ್ಲ. ಔಷಧಿ ಕರಗಿಸಿದ ಡಿಎಂಎಸ್‌ಒ ಒಂದನ್ನೇ ಅಷ್ಟೇ ಪ್ರಮಾಣದಲ್ಲಿ ಹಾಕಿದ ಕೋಶಗಳನ್ನು ಪಕ್ಕದಲ್ಲಿಟ್ಟು ಹೋಲಿಸದಿದ್ದರೆ ಈ ಪ್ರಯೋಗಕ್ಕೆ ಬೆಲೆಯಿಲ್ಲ.

*ಒಂದೇ ಪ್ರೋಟೀನನ್ನು ತೆಗೆದರೆ ಇಡೀ ಯಂತ್ರ ನಿಲ್ಲಬೇಕಲ್ಲ, ಏಕೆ ನಿಲ್ಲುವುದಿಲ್ಲ?*

ಕೆಲವಕ್ಕೆ ನಿಲ್ಲುತ್ತದೆ, ಸ್ಲಾ-2 ಅಂಥದ್ದು. ಉಳಿದಂತೆ ಹಿಡಿತಗಳು ಒಂದಕ್ಕೊಂದು ಬದಲಿ. ಸರಕನ್ನು ಗುರುತಿಸುವುದರಲ್ಲೇ ನೋಡಿ: ಆಲ್ಫಾ ಹಾರ್ಮೋನಿನ ಗ್ರಾಹಕಕ್ಕೆ ಯುಬಿಕ್ವಿಟಿನ್ ಎಂಬ ಗುರುತು ಬಿದ್ದರೆ ಎಂಟ್-1 ಹಿಡಿಯುತ್ತದೆ, ಈಡ್-1 ಹಿಡಿಯುತ್ತದೆ, ಸ್ಲಾ-1ರ ಮೂರನೇ ಎಸ್‌ಎಚ್-3 ಕೂಡ ಹಿಡಿಯುತ್ತದೆ. ಒಬ್ಬರು ರಜೆ ಹಾಕಿದರೆ ಅಂಗಡಿ ಮುಚ್ಚುವುದಿಲ್ಲ, ವ್ಯಾಪಾರ ತುಸು ನಿಧಾನವಾಗುತ್ತದೆ. ಅದಕ್ಕೇ ಇಲ್ಲಿ ಹೌದು ಅಥವಾ ಇಲ್ಲ ಎಂದು ನೋಡಬಾರದು, ಸೆಕೆಂಡುಗಳನ್ನು ಅಳೆಯಬೇಕು.

*ಕಾಲೇಜಿನಲ್ಲಿ ಸಾಮಾನ್ಯ ಫ್ಲೋರೆಸೆಂಟ್ ಸೂಕ್ಷ್ಮದರ್ಶಕವಿದೆ, ಜಿಎಫ್‌ಪಿ ತಳಿ ಇಲ್ಲ. ಏನಾದರೂ ನೋಡಬಹುದೆ?*

ಎಫ್‌ಎಂ 4-64 ಎಂಬ ಬಣ್ಣ ತರಿಸಿ. ಅದು ಪೊರೆಗೆ ಸೇರಿದಾಗ ಮಾತ್ರ ಕೆಂಪಗೆ ಹೊಳೆಯುತ್ತದೆ, ಪೊರೆ ದಾಟಿ ತಾನಾಗಿ ಒಳಹೋಗದು. ಚೆನ್ನಾಗಿ ಬೆಳೆಯುತ್ತಿರುವ ಕೋಶಗಳನ್ನು ಮಂಜುಗಡ್ಡೆಯಲ್ಲಿಟ್ಟು 8 ಮೈಕ್ರೋಮೋಲಾರ್ ಬಣ್ಣದಲ್ಲಿ 20 ನಿಮಿಷ ನೆನೆಸಿ, ತಣ್ಣನೆಯ ಮಾಧ್ಯಮದಲ್ಲಿ ಎರಡು ಬಾರಿ ತೊಳೆದು, 30 ಡಿಗ್ರಿಯ ಮಾಧ್ಯಮಕ್ಕೆ ಬದಲಿಸಿ. ಸೊನ್ನೆ ನಿಮಿಷಕ್ಕೆ ಅಂಚಿನಲ್ಲಿ ಕೆಂಪು ಬಳೆ. ಐದಾರು ನಿಮಿಷಕ್ಕೆ ಒಳಗೆ ಚುಕ್ಕೆಗಳು. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೋಶದ ದೊಡ್ಡ ರಸಕುಹರದ ಸುತ್ತ ಸ್ಪಷ್ಟ ಉಂಗುರ. ಹೋಲಿಕೆಗೆ ಇನ್ನೊಂದು ಕೊಳವೆಗೆ ಸೋಡಿಯಂ ಅಜೈಡ್ ಮತ್ತು ಸೋಡಿಯಂ ಫ್ಲೋರೈಡ್ ತಲಾ 10 ಮಿಲಿಮೋಲಾರ್ ಹಾಕಿ. ಶಕ್ತಿ ಇಲ್ಲದೆ ಬಣ್ಣ ಅಂಚಿನಲ್ಲೇ ನಿಲ್ಲಬೇಕು. ಅಜೈಡ್ ವಿಷ, ಕೈಗವಸು ಬೇಕು, ಆಮ್ಲ ಸೋಕಬಾರದು, ಸಿಂಕಿಗೆ ಸುರಿಯಬಾರದು. ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ, ಕೊಳವೆಗೆ ಫಾಯಿಲ್ ಸುತ್ತಿ. ಚಿತ್ರದಲ್ಲಿ ಕೆಲವು ಕೋಶಗಳು ಒಳಗೆಲ್ಲ ಒಂದೇ ಸಮನೆ ಕೆಂಪಾಗಿ ಹೊಳೆದರೆ ಒಳಸೆಳೆತ ಜೋರಾಗಿದೆ ಎಂದು ಖುಷಿಪಡಬೇಡಿ. ಅವು ಸತ್ತ ಕೋಶಗಳು, ಎಣಿಕೆಯಿಂದ ಬಿಡಿ.